ವಿಶ್ವವಿದ್ಯಾಲಯಗಳು ಒಂದು ಕಿರು ಅನುದಾನ ತೆರೆಯಲಿ

ಪದವಿ ಕಾಲೇಜೊಂದರಲ್ಲಿ ಐವತ್ತು ಸಾವಿರ ರೂಪಾಯಿ ಖರ್ಚಾಗಲು ಒಂದು ದಿನ ಸಾಕು. ವಿಚಾರ ಸಂಕಿರಣವೆಂದ ಮೇಲೆ ಫ್ಲೆಕ್ಸು, ಬ್ಯಾಗು, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಅತಿಥಿಗಳ ಕಾರಿನ ಬಾಡಿಗೆ, ಮಧ್ಯಾಹ್ನದ ಊಟ ಎಲ್ಲವೂ ಆಗಬೇಕು. ಅಷ್ಟೇ ಹಣದಲ್ಲಿ, ಕಣ್ಣು ಕಾಣದ ವಿದ್ಯಾರ್ಥಿಗಳು ಬಿ.ಎ. ತರಗತಿಗಳಲ್ಲಿ ಓದಬೇಕಾದ ಕನ್ನಡ ಪಠ್ಯಗಳನ್ನು ಅವರ ಕಿವಿಗೆ ಮುಟ್ಟಿಸಬಹುದು. ಸಂಕಿರಣಕ್ಕೆ ಹಣ ಕೇಳುವ ದಾರಿ ಎಲ್ಲ ವಿಭಾಗಗಳಿಗೂ ಗೊತ್ತು. ಎರಡನೆಯ ಕೆಲಸಕ್ಕೆ ಅರ್ಜಿ ಹಾಕುವುದು ಎಲ್ಲಿ, ಯಾವ ನಮೂನೆಯಲ್ಲಿ, ಯಾರ ಹೆಸರಿಗೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಈ ದಾರಿ ತೆರೆಯುವುದು ರಾಜ್ಯದ ವಿಶ್ವವಿದ್ಯಾಲಯಗಳ ಕೈಯಲ್ಲೇ ಇದೆ. ಸಮಾನ ಅವಕಾಶಕ್ಕೆ ಕಾನೂನಿದೆ, ನಿಯಮಗಳಿವೆ, ಕೋಶಗಳಿವೆ, ಸಮಿತಿಗಳಿವೆ. ತೊಡಕು ಎಲ್ಲಿದೆ ಎಂದು ಬಲ್ಲ ವಿದ್ಯಾರ್ಥಿಯೋ ಅತಿಥಿ ಉಪನ್ಯಾಸಕಿಯೋ ನೇರವಾಗಿ ಕೇಳಿ ಪಡೆಯಬಹುದಾದ ಸಣ್ಣ ಮೊತ್ತವೊಂದು ಮಾತ್ರ ಹೆಚ್ಚಿನ ಕಡೆ ಇಲ್ಲ. ಇಪ್ಪತ್ತೈದು ಸಾವಿರದಿಂದ ಒಂದು ಲಕ್ಷದೊಳಗಿನ ಅನುದಾನ, ಎರಡು ಪುಟದ ಅರ್ಜಿ, ಒಂದು ತಿಂಗಳಲ್ಲಿ ತೀರ್ಮಾನ. ಪ್ರತಿಯೊಂದು ವಿಶ್ವವಿದ್ಯಾಲಯವೂ ತನ್ನ ಸಂಯೋಜಿತ ಕಾಲೇಜುಗಳಿಗಾಗಿ ಇಷ್ಟನ್ನು ವರ್ಷವರ್ಷ ಮಾಡಬೇಕು.

ಬೆಂಗಳೂರಿನ ಜಾಲಹಳ್ಳಿಯಂಥ ಕಡೆ ಇದರ ಅಗತ್ಯ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ಆಸ್ಪತ್ರೆ, ಇಟಲಿಯ ಯುದ್ಧಕೈದಿಗಳ ಶಿಬಿರ ಇದ್ದ ಜಾಗವಿದು. 1953ರಲ್ಲಿ ಎಚ್‌ಎಂಟಿ ಬಂತು, 1954ರಲ್ಲಿ ಬಿಇಎಲ್. ವಾಯುಪಡೆಯ ನೆಲೆ ಇದೆ. ಮಗ್ಗುಲಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ. ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಮಲಯಾಳ, ತಮಿಳು, ತೆಲುಗು ಮನೆಮಾತಿನವರು ಕನ್ನಡಿಗರ ಜೊತೆ ಎರಡು ಮೂರು ತಲೆಮಾರು ಬಾಳಿದ್ದಾರೆ. ಗಂಗಮ್ಮನ ಗುಡಿಯೂ ಅಯ್ಯಪ್ಪನ ದೇವಸ್ಥಾನವೂ ಊರಿನ ಗುರುತಾಗಿವೆ. ಈಚಿನ ವರ್ಷಗಳಲ್ಲಿ ಒಡಿಶಾ, ಬಿಹಾರ, ಅಸ್ಸಾಮಿನ ಕಾರ್ಮಿಕರು, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಸೇರಿವೆ. ಗಾರ್ಮೆಂಟ್ಸಿನಲ್ಲಿ ದುಡಿಯುವ ತಾಯಂದಿರ ಮಕ್ಕಳು ಮನೆತನದಲ್ಲೇ ಮೊದಲಿಗರಾಗಿ ಪದವಿ ತರಗತಿಗೆ ಕಾಲಿಡುತ್ತಿದ್ದಾರೆ. ಜಾಲಹಳ್ಳಿ ಮೆಟ್ರೊ ನಿಲ್ದಾಣ ತೆರೆದದ್ದು 2015ರಲ್ಲಿ. ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದದ್ದು 2023ರ ಜೂನ್ 11ರಂದು. ನೆಲಮಂಗಲದ ಕಡೆಯ ಹುಡುಗಿಗೂ ಇಲ್ಲಿನ ಕಾಲೇಜು ಈಗ ಕೈಗೆಟಕುವ ದೂರದಲ್ಲಿದೆ.

ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ 2021–22ರ ವರದಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ 1,106 ಕಾಲೇಜುಗಳಿವೆ. ದೇಶದ ಬೇರಾವ ಜಿಲ್ಲೆಯಲ್ಲೂ ಇಷ್ಟಿಲ್ಲ. ಆದರೆ ಗೇಟು ದಾಟಿದ ಮೇಲೆ ಏನಾಗುತ್ತದೆ ಎಂಬುದು ಈ ಸಂಖ್ಯೆಯಿಂದ ತಿಳಿಯುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿದವಳು ಬಿ.ಕಾಂ. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪಾಠ ಕೇಳಿ ದಿಕ್ಕು ತಪ್ಪುತ್ತಾಳೆ. ಮಣಿಪುರದಿಂದ ಬಂದವನಿಗೆ ಮೆಸ್ಸಿನಲ್ಲಿ ಒಬ್ಬ ಗೆಳೆಯ ಸಿಗಲು ಒಂದು ವರ್ಷ ಹಿಡಿಯುತ್ತದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ. ಅದು 2021ರಲ್ಲಿ. ಆ ನೌಕರಿಗಳಲ್ಲಿ ಅನೇಕವಕ್ಕೆ ಪದವಿ ಬೇಕು, ಪದವಿಗೆ ಮೂರು ವರ್ಷ ಕಾಲೇಜಿನಲ್ಲಿ ಉಳಿಯಬೇಕು. ಶೌಚಾಲಯಕ್ಕೆ ಹೋಗಲು ಹೆದರುವ ವಿದ್ಯಾರ್ಥಿ ಮೂರು ವರ್ಷ ಉಳಿಯುವುದು ಹೇಗೆ?

ಕಣ್ಣು ಕಾಣದವರ ಓದಿನ ವಿಷಯ ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಸಣ್ಣ ಹಣ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, 2006ರಲ್ಲಿ ಶುರುಮಾಡಿದ್ದು. ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ. ಹಾಗಿದ್ದರೆ ತೊಂದರೆ ಎಲ್ಲಿ? ಕಾಲೇಜುಗಳಲ್ಲಿ ಓಡಾಡುವ ಕನ್ನಡ ನೋಟ್ಸು, ಪ್ರಶ್ನೆಪತ್ರಿಕೆ, ಎಷ್ಟೋ ಪಠ್ಯಗಳ ಮೂಲ ಕಡತಗಳು ಇಂದಿಗೂ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ, ಯೂನಿಕೋಡ್‌ನಲ್ಲಿ ಅಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಕಂಪ್ಯೂಟರಿನೊಳಗೆ ಇರುವುದೋ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಲಿಪಿಯ ಒಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ತಂತ್ರಾಂಶ ಓದುವುದು ಒಳಗಿರುವುದನ್ನು. ಪಂಪನ ಬಗ್ಗೆ ಟಿಪ್ಪಣಿ ಕೇಳಲು ಕುಳಿತ ವಿದ್ಯಾರ್ಥಿಯ ಕಿವಿಗೆ ಬೀಳುವುದು ಇಂಥ ಏಳೇಳು ಚೂರುಗಳ ರಾಶಿ. ಪುಸ್ತಕವನ್ನು ಫೋಟೊ ತೆಗೆದು ಪಿಡಿಎಫ್ ಮಾಡಿದ್ದರೆ ಅದೂ ಇಲ್ಲ, ಬರೀ ಮೌನ.

ಇದನ್ನು ಸರಿಪಡಿಸುವ ವಿದ್ಯೆ ಹೊಸದೇನಲ್ಲ. ಹಳೆಯ ಫಾಂಟಿನ ಕಡತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅಚ್ಚಾದ ಪುಟದಿಂದ ಕನ್ನಡ ಅಕ್ಷರ ಗುರುತಿಸುವ ‘ಲಿಪಿ ಜ್ಞಾನಿ’ ರೂಪುಗೊಂಡಿದ್ದು ಜಾಲಹಳ್ಳಿಯಿಂದ ಕೆಲವೇ ಕಿಲೋಮೀಟರ್ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದಲ್ಲಿ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು ತಪ್ಪುವುದುಂಟು. ಸಾಲುಸಾಲಾಗಿ ಓದಿ ತಿದ್ದಲು ಕನ್ನಡ ಐಚ್ಛಿಕದ ವಿದ್ಯಾರ್ಥಿಗಳೇ ತಕ್ಕವರು, ಅವರ ಓದೂ ಜೊತೆಯಲ್ಲೇ ಆಗುತ್ತದೆ. ಹಕ್ಕುಸ್ವಾಮ್ಯದ ಅಡ್ಡಿ ಬಂದೀತು ಎನ್ನುವ ಪ್ರಾಂಶುಪಾಲರಿಗೆ ಉತ್ತರ ಕಾನೂನಿನಲ್ಲೇ ಇದೆ. 2012ರ ತಿದ್ದುಪಡಿಯ ನಂತರ, ವಿಕಲಚೇತನರ ಓದಿಗೆಂದು ಲಾಭದ ಉದ್ದೇಶವಿಲ್ಲದೆ ಇಂಥ ಪ್ರತಿ ಮಾಡಿಕೊಡಲು ಲೇಖಕರ, ಪ್ರಕಾಶಕರ ಅನುಮತಿ ಬೇಕಿಲ್ಲ. ಈ ವಿಷಯದ ಜಾಗತಿಕ ಒಪ್ಪಂದವಾದ ಮರ್ರಾಕೇಶ್ ಒಡಂಬಡಿಕೆಯನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ಭಾರತವೇ.

ಬೇಕಾಗುವ ಹಣ ತಿದ್ದುವ ವಿದ್ಯಾರ್ಥಿಗಳ ಗೌರವಧನಕ್ಕೆ, ಒಂದು ಸ್ಕ್ಯಾನರಿಗೆ, ಎರಡು ಮೂರು ಹೆಡ್‌ಫೋನಿಗೆ. ಅಷ್ಟೇ.

ಇಂಥ ಕೆಲಸಕ್ಕೆ ಹಿಂದೆ ಕೇಂದ್ರದ ಹಣ ಇತ್ತು. ಹನ್ನೊಂದನೇ ಪಂಚವಾರ್ಷಿಕ ಯೋಜನೆಯಲ್ಲಿ, ಅಂದರೆ 2007ರಿಂದ 2012ರ ನಡುವೆ, ಸಮಾನ ಅವಕಾಶ ಕೋಶ ತೆರೆಯಲು ಯುಜಿಸಿ ಒಂದು ಸಲದ 2 ಲಕ್ಷ ರೂಪಾಯಿ ಕೊಡುತ್ತಿತ್ತು. ವಿಕಲಚೇತನರಿಗೆ ಇಳಿಜಾರು ದಾರಿ, ಹೊಂದುವ ಶೌಚಾಲಯ ಕಟ್ಟಲು 5 ಲಕ್ಷದವರೆಗೆ, ವಿಶೇಷ ಉಪಕರಣಗಳಿಗೆ ಒಂದೂವರೆ ಲಕ್ಷದವರೆಗೆ ಪಡೆಯಬಹುದಿತ್ತು. ಒಳ್ಳೆಯ ಯೋಜನೆಗಳೇ. ಆದರೆ ಬಾಗಿಲು ಕಿರಿದಾಗಿತ್ತು. ಯುಜಿಸಿ ಕಾಯ್ದೆಯ 12(ಬಿ) ಮಾನ್ಯತೆ ಇಲ್ಲದ ಕಾಲೇಜಿಗೆ ಕೇಂದ್ರದ ಅನುದಾನ ಸಿಗುವಂತಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಕಳೆದ ಎರಡು ದಶಕಗಳಲ್ಲಿ ಎದ್ದ ಅನೇಕ ಖಾಸಗಿ ಕಾಲೇಜುಗಳಿಗೆ ಆ ಮಾನ್ಯತೆ ಇರಲಿಲ್ಲ. ಕಾರ್ಮಿಕರ ಮಕ್ಕಳು ಓದುತ್ತಿದ್ದುದು, ಈಗಲೂ ಓದುತ್ತಿರುವುದು, ಬಹುಪಾಲು ಅಲ್ಲೇ. ಹಣ ಬಂದ ಕಡೆಯೂ ಕೋಶವೆಂದರೆ ಒಂದು ಕೊಠಡಿ, ಒಂದು ಫಲಕ, ಒಂದು ಕಂಪ್ಯೂಟರ್ ಎಂದೇ ಅರ್ಥವಾದದ್ದುಂಟು. ಏನು ಬೇಕೆಂದು ಹೇಳುವ ಅವಕಾಶ ವಿದ್ಯಾರ್ಥಿಗೆ ಆ ನಮೂನೆಯಲ್ಲಿ ಇರಲಿಲ್ಲ.

ಈಗ ಕಾಲೇಜುಗಳನ್ನು ಓಡಿಸುತ್ತಿರುವುದು ನ್ಯಾಕ್ ಮೌಲ್ಯಮಾಪನ. ಅದರ ಏಳನೇ ಮಾನದಂಡದಲ್ಲಿ ಎಲ್ಲರನ್ನೂ ಒಳಗೊಳ್ಳುವ ವಾತಾವರಣದ ಬಗ್ಗೆ, ವಿಕಲಚೇತನ ಸ್ನೇಹಿ ಆವರಣದ ಬಗ್ಗೆ ಪ್ರಶ್ನೆಗಳಿವೆ. ಉತ್ತರದ ಜೊತೆ ಫೋಟೊ, ವರದಿ ಲಗತ್ತಿಸಬೇಕು. ಹೀಗಾಗಿ ಫೋಟೊ ಬರುವಂಥ ಕೆಲಸಗಳು ನಡೆಯುತ್ತವೆ: ನಾನಾ ರಾಜ್ಯಗಳ ಉಡುಗೆಯ ದಿನ, ರಂಗೋಲಿ, ಉಪನ್ಯಾಸ. ಇವು ತಪ್ಪಲ್ಲ, ಮಕ್ಕಳು ಖುಷಿಯಿಂದಲೇ ಭಾಗವಹಿಸುತ್ತಾರೆ. ಆದರೆ ತಿದ್ದಿದ ಪಠ್ಯದ ಫೋಟೊ ತೆಗೆಯುವುದು ಹೇಗೆ? ಕನ್ನಡ ಮಾಧ್ಯಮದ ಹುಡುಗಿ ಎರಡನೇ ಸೆಮಿಸ್ಟರಿನಲ್ಲಿ ಕೈ ಎತ್ತಿ ಪ್ರಶ್ನೆ ಕೇಳಿದ್ದನ್ನು ಯಾವ ಕ್ಯಾಮೆರಾ ಹಿಡಿಯುತ್ತದೆ? ಮೌಲ್ಯಮಾಪನದ ಕಣ್ಣಿಗೆ ಬೀಳದ, ವಿದ್ಯಾರ್ಥಿಯ ಬದುಕಿಗೆ ತಾಗುವ ಇಂಥ ಕೆಲಸಕ್ಕೇ ಬೇರೆ ಹಣ ಬೇಕಾಗಿರುವುದು.

ಸಣ್ಣ ಅನುದಾನಗಳನ್ನು ನಡೆಸುವುದು ತಲೆನೋವು, ನೂರಾರು ಅರ್ಜಿ ನೋಡುವವರು ಯಾರು ಎಂದು ಕುಲಸಚಿವರ ಕಚೇರಿಗಳು ಕೇಳಬಹುದು. ಕರ್ನಾಟಕದಲ್ಲೇ ಇದಕ್ಕೆ ಮಾದರಿ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಕೆಲವು ಸಾವಿರ ರೂಪಾಯಿಗಳ ನೆರವು ಕೊಡುತ್ತ ಬಂದಿದೆ. ವಿದ್ಯಾರ್ಥಿಗಳೇ ಸಾರಾಂಶ ಬರೆಯುತ್ತಾರೆ, ಮಾರ್ಗದರ್ಶಕರು ನೋಡುತ್ತಾರೆ, ಪ್ರಾಂಶುಪಾಲರ ಮೂಲಕ ಹೋಗುತ್ತದೆ, ತಜ್ಞರು ಆರಿಸುತ್ತಾರೆ, ನಡುವೆ ಒಮ್ಮೆ ಬಂದು ನೋಡುತ್ತಾರೆ, ವರ್ಷದ ಕೊನೆಗೆ ರಾಜ್ಯಮಟ್ಟದ ಪ್ರದರ್ಶನ ನಡೆಯುತ್ತದೆ. ಬೀದರಿನ ಕಾಲೇಜಿಗೂ ಬೆಂಗಳೂರಿನ ಕಾಲೇಜಿಗೂ ಒಂದೇ ನಮೂನೆ. ಯಂತ್ರ ಮಾಡುವವರಿಗೆ ಇಷ್ಟು ನಂಬಿಕೆ ತೋರಿದ ರಾಜ್ಯ, ಸಹಪಾಠಿಯ ತೊಡಕು ಬಿಡಿಸಲು ಹೊರಟ ಬಿ.ಎ., ಬಿ.ಕಾಂ. ವಿದ್ಯಾರ್ಥಿಗೂ ಅದೇ ನಂಬಿಕೆ ತೋರಿಸಲಿ.

ಅನುದಾನ ತೆರೆದರಷ್ಟೇ ಸಾಲದು, ಅರ್ಜಿ ಬರೆಯುವ ಕಲೆಯೂ ಬರಬೇಕು. ಒಳ್ಳೆಯ ಉದ್ದೇಶದ ಅರ್ಜಿಗಳು ಬೀಳುವುದು ಹೆಚ್ಚಾಗಿ ಮೊದಲ ವಾಕ್ಯದಲ್ಲೇ. ‘ಕ್ಯಾಂಪಸ್ಸಿನಲ್ಲಿ ವೈವಿಧ್ಯದ ಬಗ್ಗೆ ಜಾಗೃತಿ ಮೂಡಿಸುವುದು’ ಎಂದು ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. ‘ನಮ್ಮ ಕಾಲೇಜಿನ ಗ್ರಂಥಾಲಯ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಗಾಲಿಕುರ್ಚಿಯ ಇಬ್ಬರು ವಿದ್ಯಾರ್ಥಿಗಳು ಪುಸ್ತಕ ನೋಡಿ ಆರಿಸಲು ಆಗುತ್ತಿಲ್ಲ’ ಎಂದು ಬರೆದರೆ ಕಟ್ಟಡವೇ ಕಣ್ಣ ಮುಂದೆ ಬರುತ್ತದೆ. ಲಿಫ್ಟಿಗೆ ಕಿರು ಅನುದಾನ ಸಾಲದು. ನೆಲಮಹಡಿಯಲ್ಲಿ ಒಂದು ಓದುವ ಮೇಜು, ಪುಸ್ತಕಗಳ ಪಟ್ಟಿ ನೋಡಲು ಒಂದು ಹಳೆಯ ಕಂಪ್ಯೂಟರ್, ಕೇಳಿದ ಪುಸ್ತಕ ಇಳಿಸಿ ತರಲು ಗಂಟೆಯ ಲೆಕ್ಕದಲ್ಲಿ ಒಬ್ಬ ವಿದ್ಯಾರ್ಥಿ ಸಹಾಯಕ, ಇಷ್ಟಕ್ಕೆ ಸಾಕು. ಲಿಫ್ಟ್ ಬರುವವರೆಗೆ ಓದು ನಿಲ್ಲುವುದಿಲ್ಲ. ಯಾರಿಗಾಗಿ ಈ ಕೆಲಸವೋ ಅವರೇ ಅರ್ಜಿದಾರರ ಸಾಲಿನಲ್ಲಿರಬೇಕು ಎಂಬ ಒಂದು ನಿಯಮವನ್ನು ವಿಶ್ವವಿದ್ಯಾಲಯ ಇಟ್ಟರೆ, ಬೇಡದ ಉಪಕರಣ ಕೊಳ್ಳುವ ಅರ್ಧ ಅರ್ಜಿಗಳು ತಾವಾಗಿಯೇ ಉದುರುತ್ತವೆ.

ಖರ್ಚಿನ ಪಟ್ಟಿಯೂ ಅರ್ಜಿಯ ಮಾತೇ. ‘ಇತರೆ ಖರ್ಚು 15,000’ ಎಂಬ ಸಾಲು ಅನುಮಾನ ಹುಟ್ಟಿಸುತ್ತದೆ. ಸ್ಕ್ಯಾನರಿಗೆ ಎಷ್ಟು, ತಿದ್ದುವವರಿಗೆ ಪುಟಕ್ಕೆ ಎಷ್ಟು, ಒಟ್ಟು ಎಷ್ಟು ಪುಟ ಎಂದು ಬಿಡಿಸಿ ಬರೆದಲ್ಲಿ ಕೇಳುವವರ ಕೈಯೂ ಕೊಡುವವರ ಕೈಯೂ ಹಗುರ. ಸಂಜೆ ಉಳಿದು ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಕಾಫಿ ತಿಂಡಿಯ ಬಾಬ್ತು ಸೇರಿಸಲು ಹಿಂಜರಿಯಬೇಕಾಗಿಲ್ಲ. ಗಾರ್ಮೆಂಟ್ಸಿನ ಮನೆಯಿಂದ ಬಂದ ಮಗು ಖಾಲಿ ಹೊಟ್ಟೆಯಲ್ಲಿ ಸ್ವಯಂಸೇವೆ ಮಾಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಹಣ ಬಂದ ಮೇಲಿನ ಭಯ ಇನ್ನೊಂದು. ಕೇಂದ್ರದ ಅನುದಾನವಾದರೆ ಜಿಎಫ್‌ಆರ್ 12–ಎ ನಮೂನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಮೂರು ಕೊಟೇಶನ್, ಸ್ಟಾಕ್ ರಿಜಿಸ್ಟರಿನ ಪುಟಸಂಖ್ಯೆ, ಲೆಕ್ಕಪರಿಶೋಧಕರ ಸಹಿ. ಐವತ್ತು ಸಾವಿರಕ್ಕೂ ಐವತ್ತು ಲಕ್ಷಕ್ಕೂ ಒಂದೇ ಬಗೆಯ ಕಡತ ತಯಾರಿಸಬೇಕಾದರೆ ಯುವ ಉಪನ್ಯಾಸಕರು ದೂರ ಸರಿಯುತ್ತಾರೆ, ಅದು ಸಹಜ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ತರಗತಿಗಳ ದೊಡ್ಡ ಭಾರ ಹೊತ್ತಿರುವ ಸಾವಿರಾರು ಅತಿಥಿ ಉಪನ್ಯಾಸಕರಿಗಂತೂ ಅರ್ಜಿ ಹಾಕುವ ಅಧಿಕಾರವೇ ಸಾಮಾನ್ಯವಾಗಿ ಇರುವುದಿಲ್ಲ. ವಿದ್ಯಾರ್ಥಿಗಳ ಕಷ್ಟ ಹತ್ತಿರದಿಂದ ಬಲ್ಲವರಲ್ಲಿ ಅವರೇ ಮುಂದೆ. ವಿಶ್ವವಿದ್ಯಾಲಯದ ಸ್ವಂತ ಹಣವಾದರೆ ಲೆಕ್ಕವನ್ನು ಒಂದು ಪುಟಕ್ಕೆ ಇಳಿಸಬಹುದು: ಬಿಲ್ಲುಗಳು, ಒಂದು ವಿವರಣೆ, ಪ್ರಯೋಜನ ಪಡೆದ ವಿದ್ಯಾರ್ಥಿಗಳ ಮಾತು. ಅತಿಥಿ ಉಪನ್ಯಾಸಕರಿಗೂ ಸಹಿ ಹಾಕುವ ಹಕ್ಕು ಕೊಡಬಹುದು.

ಕ್ಯಾಂಪಸ್ಸಿನಲ್ಲಿ ಹುಟ್ಟಿದ ಸಣ್ಣ ಪ್ರಯತ್ನ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ‘ಐಡಿಯಾ’ ಎಂಬ ಸಂಸ್ಥೆ ಸಾಕ್ಷಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಓದಿದ ಶಮ್ನಾದ್ ಬಷೀರ್ ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, 2010ರಲ್ಲಿ ಇದನ್ನು ಆರಂಭಿಸಿದರು. ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಬರುವವರು ಬಹುಪಾಲು ಇಂಗ್ಲಿಷ್ ಮಾಧ್ಯಮದ, ಉಳ್ಳವರ ಮಕ್ಕಳು ಎಂಬುದು ಅವರನ್ನು ಕಾಡಿದ ಸಂಗತಿ. ಕಾನೂನು ವಿದ್ಯಾರ್ಥಿಗಳೇ ಹಳ್ಳಿ ಶಾಲೆಗಳಿಗೆ ಹೋಗಿ ಬಡವರ, ದಲಿತರ, ವಿಕಲಚೇತನರ ಮಕ್ಕಳನ್ನು ಗುರುತಿಸಿ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ವ್ಯವಸ್ಥೆ ಬೆಳೆಯಿತು. ಬಷೀರ್ 2019ರಲ್ಲಿ ತೀರಿಕೊಂಡರು. ಅವರ ಬೆನ್ನಿಗೆ ಕೆಲಸ ನಿಲ್ಲಲಿಲ್ಲ, ಏಕೆಂದರೆ ಅದನ್ನು ಹೊತ್ತವರು ವಿದ್ಯಾರ್ಥಿಗಳಾಗಿದ್ದರು.

ಅಮೆರಿಕದಲ್ಲಿ ಓದುವ ಕನ್ನಡದ ಮಕ್ಕಳಿಗೆ ಕ್ಯಾಂಪಸ್ ವೈವಿಧ್ಯದ ಕಿರು ಅನುದಾನ ಹೊಸದಲ್ಲ. ಹಬ್ಬಕ್ಕೆ, ಸಹಪಾಠಿಗಳ ಬೆಂಬಲ ಗುಂಪಿಗೆ ಕೆಲವು ನೂರು ಡಾಲರ್ ಕೇಳುವ ಪದ್ಧತಿ ಅಲ್ಲಿ ಬಹಳ ಕಡೆ ಇತ್ತು. 2025ರಲ್ಲಿ ಗಾಳಿ ಬದಲಾಯಿತು. ಒಕ್ಕೂಟ ಸರ್ಕಾರದ ಒತ್ತಡದ ನಡುವೆ ಮಿಷಿಗನ್ ವಿಶ್ವವಿದ್ಯಾಲಯ ಮಾರ್ಚ್‌ನಲ್ಲಿ ತನ್ನ ವೈವಿಧ್ಯ ಕಚೇರಿಯನ್ನೇ ಮುಚ್ಚುವುದಾಗಿ ಸಾರಿತು. ಕಚೇರಿಯೊಂದಕ್ಕೆ ಕಟ್ಟಿಹಾಕಿದ ಹಣ ಕಚೇರಿಯ ಜೊತೆಗೇ ಹೋಗುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯಗಳು ಹಾಗೆ ಮಾಡದೆ, ಸಿಂಡಿಕೇಟಿನ ನಿರ್ಣಯದ ಮೂಲಕ ಬಜೆಟ್ಟಿನಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದರೆ ಕುಲಪತಿಗಳು ಬದಲಾದರೂ ಅದು ಉಳಿಯುತ್ತದೆ.

ಇಲ್ಲಿ ಕಾನೂನಿನ ಆಧಾರವೂ ಗಟ್ಟಿಯಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲಿಡುತ್ತದೆ. ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ, ತಾರತಮ್ಯ ತಡೆಯುವ ಅಧಿಕಾರಿ ಇರಬೇಕು ಎಂದು ಯುಜಿಸಿಯ 2012ರ ನಿಯಮಗಳು ಹೇಳುತ್ತವೆ. 2026ರ ಜನವರಿಯಲ್ಲಿ ಯುಜಿಸಿ ಹೊಸ ನಿಯಮಗಳನ್ನು ತಂದಾಗ ದೇಶದಾದ್ಯಂತ ಗದ್ದಲವೆದ್ದು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಅವಕ್ಕೆ ತಡೆ ನೀಡಿ 2012ರ ನಿಯಮಗಳೇ ಮುಂದುವರಿಯಲಿ ಎಂದಿತು. ಆ ಜಗಳವೆಲ್ಲ ದೂರಿನ ಸುತ್ತ: ಯಾರು ಯಾರ ಮೇಲೆ ದೂರು ಕೊಡಬಹುದು, ವಿಚಾರಣೆ ಹೇಗೆ ಎಂಬುದರ ಸುತ್ತ. ಅದೂ ಬೇಕಾದ ಚರ್ಚೆಯೇ. ದೂರು ಕೊಡುವ ಹಂತಕ್ಕೆ ಹೋಗುವ ಮೊದಲೇ ವಿದ್ಯಾರ್ಥಿಯ ಕೈ ಹಿಡಿಯುವ ಕೆಲಸಕ್ಕೆ ಯಾವ ಕೋರ್ಟಿನ ತೀರ್ಪಿಗೂ ಕಾಯಬೇಕಾಗಿಲ್ಲ.

ಹಣದ ಮೂಲದ ಬಗ್ಗೆ ಒಂದು ಎಚ್ಚರ ಅಗತ್ಯ. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಗೆಂದು 2013ರ ರಾಜ್ಯ ಕಾಯ್ದೆಯಡಿ ತೆಗೆದಿಟ್ಟ ಹಣದಿಂದ ಇದನ್ನು ಕಿತ್ತುಕೊಳ್ಳಬಾರದು. ಅದು ಆ ಸಮುದಾಯಗಳ ವಿದ್ಯಾರ್ಥಿಗಳಿಗೇ ಸೇರಿದ್ದು. ವಿಶ್ವವಿದ್ಯಾಲಯಗಳು ಕಾಲೇಜುಗಳಿಂದ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ ಪಡೆಯುತ್ತವೆ. ವಿದ್ಯಾರ್ಥಿಗಳು ಕಟ್ಟಿದ ಆ ಹಣದಲ್ಲೇ ಒಂದು ಸಣ್ಣ ಪಾಲು ಅವರ ಬಳಿಗೆ ಮರಳಲಿ. ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ, ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಮಾತಿನ ಜೊತೆಗೆ ವಿದ್ಯಾರ್ಥಿವೇತನ, ಹಾಸ್ಟೆಲ್‌ಗಳ ಮಾತೂ ಬಂದಿತ್ತು. ಸೀಟು ಕೊಟ್ಟರೆ ಸಾಲದು, ಸೀಟಿನಲ್ಲಿ ಕುಳಿತು ಓದಲು ಅನುವಾಗಬೇಕು ಎಂಬ ತಿಳಿವಳಿಕೆ ಈ ನಾಡಿಗೆ ನೂರು ವರ್ಷ ಹಳೆಯದು.

ಮುಂದಿನ ಶೈಕ್ಷಣಿಕ ವರ್ಷಕ್ಕೇ ಇದನ್ನು ಶುರುಮಾಡಲು ಅಡ್ಡಿ ಏನೂ ಇಲ್ಲ. ಸುತ್ತೋಲೆ ತರಗತಿಗಳು ಆರಂಭವಾದ ಮೊದಲ ತಿಂಗಳಲ್ಲೇ ಹೊರಡಬೇಕು, ಕನ್ನಡದಲ್ಲಿರಬೇಕು, ಪ್ರಾಂಶುಪಾಲರ ಮೇಜಿನಲ್ಲಿ ಉಳಿಯದೆ ಹಾಸ್ಟೆಲ್ಲಿನ, ಗ್ರಂಥಾಲಯದ ಸೂಚನಾ ಫಲಕ ಮುಟ್ಟಬೇಕು. ಅರ್ಜಿಯ ನಮೂನೆ ಯೂನಿಕೋಡ್‌ನಲ್ಲಿರಬೇಕು, ಕಣ್ಣು ಕಾಣದವರೂ ತಾವೇ ತುಂಬುವಂತಿರಬೇಕು. ದಸರಾ ರಜೆಗೆ ಮೊದಲು ಹಣ ಕೈಸೇರಿದರೆ ಎರಡು ಸೆಮಿಸ್ಟರ್‌ಗಳ ಕೆಲಸಕ್ಕೆ ಸಮಯ ಸಿಗುತ್ತದೆ. ಫೆಬ್ರುವರಿಯಲ್ಲಿ ಮಂಜೂರಾಗಿ ಮಾರ್ಚ್ 31ರೊಳಗೆ ಖರ್ಚು ಮಾಡಿ ಎಂದರೆ ಯಾವ ಕಾಲೇಜಾದರೂ ಮತ್ತೆ ಫ್ಲೆಕ್ಸು, ಶಾಲು, ಊಟವನ್ನೇ ಬರೆಯುತ್ತದೆ.